ಆರಗದ ವರ್ತಕ, ಹಂಪೆಯ ದಾಸ: ಪುರಂದರದಾಸರ ಬಾಳು ಮತ್ತು ಹಾಡು



ಹರಿದಾಸ ಸಾಹಿತ್ಯದ ಯಾವುದಾದರೊಂದು ಮುಖವನ್ನು ಕುರಿತು ಉಪನ್ಯಾಸ ಮಾಡಬೇಕೆಂದು ಈ ಸಂಸ್ಥೆಯವರು ಅಪ್ಪಣೆ ಮಾಡಿದಾಗ, ಪುರಂದರದಾಸರನ್ನೇ ವಿಷಯವನ್ನಾಗಿ ಆರಿಸಿಕೊಳ್ಳುವುದಕ್ಕೆ ನನಗೆ ಎರಡು ಕಾರಣಗಳು ತೋರಿದವು. ಅವರ ಪದಗಳಲ್ಲಿ ಒಂದನ್ನಾದರೂ ಕೇಳದೆ ಬೆಳೆದವರು ಈ ಸಭೆಯಲ್ಲಿ ಇರಲಾರರಾದುದರಿಂದ, ನಾನು ಆಡುವ ಮಾತು ಆಡಿದ ಕ್ಷಣದಲ್ಲಿಯೇ ಕೇಳುವವರ ಅನುಭವದ ಪರೀಕ್ಷೆಗೆ ಒಳಪಡುತ್ತದೆ ಎಂಬುದು ಮೊದಲನೆಯ ಕಾರಣ. ಅವರ ಜನ್ಮಸ್ಥಳವು ತೀರ್ಥಹಳ್ಳಿ ತಾಲ್ಲೂಕಿನ ಆರಗದ ಪರಿಸರವೆಂಬ ಅಭಿಪ್ರಾಯವು ಈಚಿನ ವರ್ಷಗಳಲ್ಲಿ ಬಲಗೊಂಡಿರುವುದರಿಂದ, ಅದನ್ನು ಊರಿನ ಹೆಮ್ಮೆಯೆಂದು ಎತ್ತಿಟ್ಟುಕೊಳ್ಳುವುದಕ್ಕಿಂತ, ಅವರ ಪದಗಳನ್ನು ಅರಿಯುವ ಕಾರ್ಯದಲ್ಲಿ ಅದರಿಂದ ಏನು ಸಹಾಯವಾದೀತೆಂದು ವಿಚಾರಿಸುವುದು ಈ ಸೀಮೆಯವರಾದ ನಮ್ಮ ಕರ್ತವ್ಯವೆಂಬುದು ಎರಡನೆಯ ಕಾರಣ.

ವಿಷಯವನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿಕೊಳ್ಳುತ್ತೇನೆ. ಮೊದಲನೆಯದರಲ್ಲಿ ದಾಸರ ಬಾಳನ್ನೂ ಆರಗದ ಪೂರ್ವವೃತ್ತಾಂತವನ್ನೂ, ಎರಡನೆಯದರಲ್ಲಿ ಅವರು ಆರಿಸಿಕೊಂಡ ಭಾಷೆಯನ್ನೂ ವಸ್ತುವನ್ನೂ, ಮೂರನೆಯದರಲ್ಲಿ ಸಂಗೀತದ ಪಾಠಕ್ರಮಕ್ಕೆ ಅವರಿತ್ತ ರೂಪವನ್ನೂ, ಕೊನೆಯದರಲ್ಲಿ ಅವರ ಪದಗಳು ನಮ್ಮ ನಡತೆಗೆ ಹಿಡಿಯುವ ಅಳತೆಯನ್ನೂ ನಿರೂಪಿಸಿ, ಆ ಪದಗಳ ರಕ್ಷಣೆಯ ವಿಷಯವಾಗಿ ಎರಡು ಮಾತು ಹೇಳಿ ಮುಗಿಸುತ್ತೇನೆ. ಈ ಎಲ್ಲ ಭಾಗಗಳನ್ನೂ ಹಿಡಿದಿರುವ ಸೂತ್ರ ಒಂದೇ: ಪುರಂದರದಾಸರು ಹಾಡುವ ಅಧಿಕಾರವನ್ನೂ, ಹಾಡುವುದಕ್ಕೆ ಬೇಕಾದ ಸಾಧನವನ್ನೂ ಜನಸಾಮಾನ್ಯರ ವಶಕ್ಕೆ ಒಪ್ಪಿಸಿಕೊಟ್ಟರು, ಐಶ್ವರ್ಯವನ್ನು ಹಂಚಿಬಿಟ್ಟ ಅವರ ಬಾಳಿಗೂ ಜನರ ಬಾಯಿಗೆ ಬಿದ್ದ ಅವರ ಕೃತಿಗೂ ನಡುವೆ ಇರುವ ಸಂಬಂಧ ಈ ಒಪ್ಪಿಸಿಕೊಡುವಿಕೆಯೇ.

ಮೊದಲು ಬಾಳಿನ ವಿಚಾರ. ಸಂಪ್ರದಾಯದ ಪ್ರಕಾರ ದಾಸರ ಹುಟ್ಟುಹೆಸರು ಶ್ರೀನಿವಾಸನಾಯಕ, ತಂದೆ ವರದಪ್ಪನಾಯಕ, ಹುಟ್ಟಿದ ಕಾಲ ಸುಮಾರು 1484. ರತ್ನದ ವ್ಯಾಪಾರವೂ ಒತ್ತೆಯ ಮೇಲೆ ಸಾಲ ಕೊಡುವ ವ್ಯವಹಾರವೂ ಕುಲಕ್ರಮವಾಗಿ ಬಂದಿದ್ದು, ನವಕೋಟಿ ನಾರಾಯಣನೆಂದು ಜನ ಕರೆಯುವಷ್ಟು ಧನವನ್ನು ಅವರು ಸಂಪಾದಿಸಿದ್ದರಂತೆ. ಮಗನ ಉಪನಯನಕ್ಕೆ ನೆರವು ಬೇಡಿ ಬಂದ ಬಡ ಬ್ರಾಹ್ಮಣನೊಬ್ಬನನ್ನು ಶ್ರೀನಿವಾಸನಾಯಕರು ದಿನದಿಂದ ದಿನಕ್ಕೆ ಸಾಗಹಾಕಿದುದೂ, ಆತನು ಅವರ ಮಡದಿ ಸರಸ್ವತಿಯ ಬಳಿಗೆ ಹೋದಾಗ ಆಕೆ ತನ್ನ ಮೂಗುತಿಯನ್ನು ತೆಗೆದುಕೊಟ್ಟುದೂ, ಅದೇ ಮೂಗುತಿಯು ಮಾರಾಟಕ್ಕೆಂದು ಗಂಡನ ಅಂಗಡಿಗೇ ಬಂದುದೂ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಒಡವೆಯು ಮನೆಯಲ್ಲಿ ವಿಷದ ಬಟ್ಟಲನ್ನು ಹಿಡಿದು ನಿಂತಿದ್ದ ಆ ಸಾಧ್ವಿಯ ಕೈಸೇರಿದುದೂ ನಿಮಗೆಲ್ಲ ತಿಳಿದ ಕಥೆ. ಆ ಕಥೆಯ ಐತಿಹಾಸಿಕತೆಯನ್ನು ತೂಗಿ ನೋಡುವುದು ನನ್ನ ಉದ್ದೇಶವಲ್ಲ. ಕನ್ನಡದ ಜನತೆ ತನ್ನ ಅತ್ಯಂತ ಪ್ರಿಯ ಪದಕರ್ತರ ಬಾಳಿನ ತಿರುವನ್ನು ಒಬ್ಬ ಗೃಹಿಣಿಯ ದಾನದಲ್ಲಿ ಕಂಡಿತು ಎಂಬುದು ಗಮನಾರ್ಹ. ತಮ್ಮನ್ನು ದಾಸ್ಯದ ದಾರಿಗೆ ಹಚ್ಚಿದ ಉಪಕಾರವು ಹೆಂಡತಿಯದೆಂದು ದಾಸರೇ ಕೃತಜ್ಞತೆಯಿಂದ ಹೇಳಿಕೊಳ್ಳುವ ಪದವೂ ಪ್ರಚಾರದಲ್ಲಿದೆ. ಸಂಪತ್ತೆಲ್ಲವನ್ನೂ ದಾನ ಮಾಡಿ, ಸಂಸಾರಸಮೇತರಾಗಿ ಹೊರಟು, ವಿಜಯನಗರಕ್ಕೆ ಬಂದು, ಮಾಧ್ವ ಪೀಠಾಧಿಪತಿಗಳಾದ ವ್ಯಾಸರಾಯರಿಂದ ಪುರಂದರವಿಠಲನೆಂಬ ಅಂಕಿತವನ್ನು ಅವರು ಪಡೆದುದು 1525ರ ಸುಮಾರಿನಲ್ಲೆಂದು ಸಂಪ್ರದಾಯ ಹೇಳುತ್ತದೆ. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಹೊಟ್ಟೆಗೆ ಮಧುಕರಿಯ ಅನ್ನ. ಅಲ್ಲಿಂದ ಮುಂದೆ ಇಷ್ಟೇ ಅವರ ಆಸ್ತಿ.

ಈ ಕಥಾಭಾಗಕ್ಕೆ ಶಾಸನದ ಆಧಾರವೂ ಸ್ವಲ್ಪಮಟ್ಟಿಗೆ ಒದಗುತ್ತದೆ. ಕೃಷ್ಣದೇವರಾಯನು 1526ರಲ್ಲಿ ವ್ಯಾಸರಾಯರಿಗಿತ್ತ ದಾನವನ್ನು ದಾಖಲಿಸುವ ಕಮಲಾಪುರದ ತಾಮ್ರಶಾಸನದಲ್ಲಿ, ವೃತ್ತಿಗಳನ್ನು ಪಡೆದವರ ನಡುವೆ ಪುರಂದರದಾಸರ ಮಕ್ಕಳ ಹೆಸರುಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ದಾಸರು ರಕ್ತಾಕ್ಷಿ ಸಂವತ್ಸರದ ಪುಷ್ಯ ಬಹುಳ ಅಮಾವಾಸ್ಯೆಯಂದು, 1564 ಎಂದು ಸಾಮಾನ್ಯವಾಗಿ ಗಣಿಸಲಾಗುವ ವರ್ಷದಲ್ಲಿ, ಹಂಪೆಯಲ್ಲಿ ದೇಹವನ್ನು ಬಿಟ್ಟರು. ವಿಠಲ ದೇವಾಲಯಕ್ಕೆ ಸಮೀಪದಲ್ಲಿ ಹೊಳೆಯಂಚಿಗಿರುವ ಪುರಂದರ ಮಂಟಪವು ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. 1565ರ ರಕ್ಕಸತಂಗಡಿಯ ಯುದ್ಧದಿಂದ ಆ ಮಹಾನಗರವು ಹಾಳಾದರೂ, ಅದರ ಬೀದಿಗಳಲ್ಲಿ ಹಾಡಲ್ಪಟ್ಟ ಪದಗಳು ಅಷ್ಟು ಹೊತ್ತಿಗಾಗಲೇ ಜನರ ಕಂಠದಲ್ಲಿ ನೆಲೆಯಾಗಿದ್ದುದರಿಂದ ಉಳಿದುಕೊಂಡವು.

ಇನ್ನು ಜನ್ಮಸ್ಥಳದ ಪ್ರಶ್ನೆ. ಪುಣೆಯ ಬಳಿಯ ಪುರಂದರಗಡವೇ ದಾಸರ ಊರೆಂಬ ನಂಬಿಕೆಯು ಬಹುಕಾಲದಿಂದ ನಡೆದುಬಂದಿತ್ತು. ಈ ವಿಷಯವನ್ನು ಪರಿಶೀಲಿಸುವುದಕ್ಕಾಗಿ ಕರ್ನಾಟಕ ಸರ್ಕಾರವು ನೇಮಿಸಿದ ತಜ್ಞರ ಸಮಿತಿಯು, ಆರಗದ ಪರಿಸರದ ಕ್ಷೇಮಪುರವೇ ಅವರ ಜನ್ಮಸ್ಥಳವೆಂಬ ಅಭಿಪ್ರಾಯಕ್ಕೆ ಬಂದಿತು. ವಿಜಯನಗರದ ಕಾಲದಲ್ಲಿ ಆರಗವು ಎಂತಹ ಊರಾಗಿತ್ತೆಂಬುದನ್ನು ನೆನೆದರೆ ಆ ಅಭಿಪ್ರಾಯದ ತೂಕ ತಿಳಿಯುತ್ತದೆ. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟವು ಸೊರಬ, ಸಾಗರ, ನಗರ, ತೀರ್ಥಹಳ್ಳಿ ಸೀಮೆಗಳ ಶಾಸನಗಳಿಗೆ ಮೀಸಲಾದುದು. ಅದನ್ನು ತಿರುವಿ ಹಾಕಿದವರಿಗೆ ಆರಗದ ಹದಿನೆಂಟು ಕಂಪಣ, ಎಂದರೆ ಹದಿನೆಂಟು ಆಡಳಿತ ವಿಭಾಗ, ಎಂಬ ಮಾತು ಪದೇ ಪದೇ ಎದುರಾಗುತ್ತದೆ. ಮಲೆರಾಜ್ಯವೆನಿಸಿದ ಪ್ರಾಂತದ ರಾಜಧಾನಿಯಾಗಿ, ಬುಕ್ಕರಾಯನ ಮಗ ವಿರೂಪಣ್ಣ ಒಡೆಯನಂತಹ ರಾಜಕುಮಾರರ ಆಡಳಿತಕ್ಕೆ ಒಳಪಟ್ಟಿದ್ದ ಆ ಪಟ್ಟಣವು, ಮುಂದೆ ಗುತ್ತಿ, ಬಾರಕೂರು, ಮಂಗಳೂರುಗಳೊಡನೆ ಕೆಳದಿಯ ಸದಾಶಿವನಾಯಕನ ಕೈಗೆ ಬಂದಿತು. ಮಲೆನಾಡಿನ ಅಡಕೆ, ಮೆಣಸು, ಏಲಕ್ಕಿಗಳು ಹೇರೆತ್ತುಗಳ ಬೆನ್ನೇರಿ ಘಟ್ಟವಿಳಿದು ಬಾರಕೂರು, ಬಸರೂರುಗಳ ಕಡೆಗೆ ಸಾಗುತ್ತಿದ್ದ ಕಾಲದಲ್ಲಿ, ಘಟ್ಟದ ಮೇಲಣ ಇಂತಹ ರಾಜಧಾನಿಯಲ್ಲಿ ಒತ್ತೆ, ಬಡ್ಡಿ, ರತ್ನಗಳ ವ್ಯವಹಾರ ಮಾಡುವ ವರ್ತಕ ಮನೆತನವಿದ್ದುದು ಸಹಜವೇ ಸರಿ. ಇಲ್ಲಿಯ ತುಂಗೆಯೇ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಹಂಪೆಯ ಮುಂದೆ ಹರಿಯುವವಳಾದ ಕಾರಣ, ಆರಗದಿಂದ ವಿಜಯನಗರಕ್ಕೆ ಹೋದವರು ಒಂದೇ ಹೊಳೆಯ ಸೀಮೆಯೊಳಗೇ ಇದ್ದರೆಂದು ಹೇಳಬಹುದು.

ಆರಗದ ಸಂಬಂಧವು ನಮಗೆ ಕಲಿಸಬೇಕಾದುದು ಇದು: ದಾಸರ ಪದಗಳನ್ನು ಅಂಗಡಿಯ ತಕ್ಕಡಿಯನ್ನು ಬಲ್ಲವರ, ಸುಂಕದ ಕಟ್ಟೆಯಲ್ಲಿ ಕಾದು ನಿಂತವರ, ಕೊಟ್ಟ ಸಾಲ ಬಾರದೆ ರಾತ್ರಿ ನಿದ್ದೆಗೆಟ್ಟವರ ಕೃತಿಗಳೆಂದು ಓದಬೇಕು. ಈ ಮಾತನ್ನು ಹಿಡಿದುಕೊಂಡು ಎರಡನೆಯ ಭಾಗಕ್ಕೆ ಬರುತ್ತೇನೆ.

ಕನ್ನಡದಲ್ಲಿ ಹರಿಸ್ತುತಿಯ ಪದಗಳನ್ನು ರಚಿಸಿದವರಲ್ಲಿ ಪುರಂದರದಾಸರು ಮೊದಲಿಗರಲ್ಲ. ಮಧ್ವಾಚಾರ್ಯರ ನೇರ ಶಿಷ್ಯರಾದ ನರಹರಿತೀರ್ಥರ ಹೆಸರಿನಲ್ಲಿ ಕೆಲವೇ ಪದಗಳು ಉಳಿದಿವೆ. ಅನಂತರ ಬಹುಕಾಲದ ಮೇಲೆ, ಹದಿನೈದನೆಯ ಶತಮಾನದಲ್ಲಿ, ಮುಳಬಾಗಿಲಿನ ಶ್ರೀಪಾದರಾಜರು ಈ ಮಾರ್ಗವನ್ನು ರಾಜಮಾರ್ಗವನ್ನಾಗಿ ಮಾಡಿದರು. ದ್ವೈತಶಾಸ್ತ್ರಗ್ರಂಥವಾದ ನ್ಯಾಯಸುಧೆಗೆ ಸಂಸ್ಕೃತದಲ್ಲಿ ವಾಗ್ವಜ್ರವೆಂಬ ವ್ಯಾಖ್ಯಾನವನ್ನು ಬರೆಯಬಲ್ಲ ಪ್ರಕಾಂಡ ಪಂಡಿತರು, ರಂಗವಿಠಲನೆಂಬ ಅಂಕಿತದಿಂದ ಭ್ರಮರಗೀತೆ, ವೇಣುಗೀತೆ, ಮಧ್ವನಾಮಗಳನ್ನು ಕನ್ನಡದಲ್ಲಿ ಹಾಡಿ, ಅವನ್ನು ದೇವರ ಸನ್ನಿಧಿಯಲ್ಲಿ ಪೂಜೆಯ ಅಂಗವಾಗಿಸಿದರು. ಅವರ ಬಳಿ ವಿದ್ಯಾಭ್ಯಾಸ ಮಾಡಿದ ವ್ಯಾಸರಾಯರು ಆ ಪರಂಪರೆಯನ್ನು ಹಂಪೆಗೆ ತಂದರು. ಸಾಗರಕ್ಕೆ ನೆರೆಯಾದ ಸೋದೆಯಲ್ಲಿ ನೆಲಸಿದ ವಾದಿರಾಜರು ಹಯವದನಾಂಕಿತದ ಪದಗಳನ್ನು ರಚಿಸಿದರು. ಅವರ ಲಕ್ಷ್ಮೀಶೋಭಾನೆಯು ಮದುವೆಯ ಮನೆಗಳಲ್ಲಿ ಈಗಲೂ ಹಾಡಲ್ಪಡುತ್ತಿದೆ. ಇವರೆಲ್ಲರೂ ಪೀಠಾಧಿಪತಿಗಳು. ಅದೇ ಪರಂಪರೆಯು ಪುರಂದರದಾಸರಲ್ಲಿ ಒಬ್ಬ ಗೃಹಸ್ಥನ, ಒಬ್ಬ ವರ್ತಕನ ಕೈಗೆ ಬಂದಿತು. ಅವರ ಕೃತಿಗಳನ್ನು ವ್ಯಾಸರಾಯರು ಪುರಂದರೋಪನಿಷತ್ತೆಂದು ಕರೆದು ಗೌರವಿಸಿದರೆಂಬ ಸಂಪ್ರದಾಯವು, ಆಗಿನ ಪಂಡಿತಮಂಡಲಿಯಲ್ಲಿ ದೇಶಭಾಷೆಯ ಹಾಡಿಗೆ ಎಂತಹ ಸಮರ್ಥನೆ ಬೇಕಾಗಿತ್ತೆಂಬುದನ್ನೂ, ಅದು ಎಂತಹ ಗುರುಪೀಠದಿಂದ ದೊರೆಯಿತೆಂಬುದನ್ನೂ ತಿಳಿಸುತ್ತದೆ.

ದೇಶಭಾಷೆಯ ಹಾಡು ಪೂಜಾಸ್ಥಾನವನ್ನು ಪ್ರವೇಶಿಸುವಾಗ ಇಂತಹ ವಾದವು ಏಳುವುದು ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 1674ರಲ್ಲಿ ಜನಿಸಿದ ಐಸಾಕ್ ವಾಟ್ಸ್ ಎಂಬ ಧರ್ಮಬೋಧಕರ ಉದಾಹರಣೆ ಇಲ್ಲಿ ಉಪಯುಕ್ತವಾಗಿದೆ. ಪ್ರಭುತ್ವದ ಚರ್ಚಿನಿಂದ ಹೊರಗುಳಿದವರ ಮನೆತನ ಅವರದು. ಆ ನಂಬಿಕೆಗಾಗಿ ಅವರ ತಂದೆ ಸೆರೆಮನೆಯನ್ನೂ ಕಂಡಿದ್ದರು. ಆಗಿನ ಸಭೆಗಳಲ್ಲಿ ಬೈಬಲಿನ ದಾವೀದನ ಕೀರ್ತನೆಗಳ ಛಂದೋಬದ್ಧ ಅನುವಾದಗಳನ್ನಲ್ಲದೆ ಬೇರೆ ಹಾಡನ್ನು ಹಾಡುವುದಕ್ಕೆ ವಿರೋಧವಿತ್ತು. ಅನೇಕ ಕಡೆ ಗುಮಾಸ್ತನು ಒಂದೊಂದು ಸಾಲನ್ನು ಓದಿಹೇಳುವನು, ಜನರು ಅದನ್ನು ಎಳೆದೆಳೆದು ಹಾಡುವರು. ವಾಟ್ಸರು ಸಾಮಾನ್ಯ ಭಕ್ತನ ಸುಖದುಃಖಗಳನ್ನು ಸಾಮಾನ್ಯನ ಮಾತಿನಲ್ಲಿಯೇ ಹೇಳುವ ಹೊಸ ಸ್ತೋತ್ರಗೀತಗಳನ್ನು ರಚಿಸಿ 1707ರಲ್ಲಿ ಪ್ರಕಟಿಸಿದರು. 1719ರಲ್ಲಿ ದಾವೀದನ ಕೀರ್ತನೆಗಳನ್ನೂ ತಮ್ಮ ಕಾಲದ ಜನರ ಬಾಯಿಗೆ ಹೊಂದುವಂತೆ ಹೊಸದಾಗಿ ಬರೆದರು. ದೇವವಾಕ್ಯದ ಬದಲು ಮಾನವರಚಿತವಾದ ಹಾಡೇ ಎಂದು ಆಕ್ಷೇಪಿಸಿದವರಿದ್ದರೂ, 1748ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಇಂಗ್ಲಿಷ್ ಜನರ ಪ್ರಾರ್ಥನೆಯ ಸ್ವರೂಪವೇ ಬದಲಾಗಿತ್ತು. ಆಂಗ್ಲ ಸ್ತೋತ್ರಗೀತದ ಪಿತಾಮಹರೆಂಬ ಕೀರ್ತಿ ಅವರದಾಯಿತು. ವಾಟ್ಸರು ಹುಟ್ಟುವುದಕ್ಕೆ ನೂರು ವರ್ಷಗಳಿಗೂ ಹಿಂದೆಯೇ ಹಂಪೆಯ ಬೀದಿಗಳಲ್ಲಿ ಇದೇ ಬಗೆಯ ಕಾರ್ಯವು ಪೂರ್ಣವಾಗಿ ನೆರವೇರಿತ್ತೆಂಬುದನ್ನು ಕನ್ನಡಿಗರು ನೆನೆಯಬೇಕು. ಇಬ್ಬರ ಮತ ಬೇರೆ, ಸಮಾಜ ಬೇರೆ, ಸಂಗೀತ ಬೇರೆ. ಆದರೆ ಪೂಜೆಯಲ್ಲಿ ಜನರು ಕೇಳುವವರಾಗಿ ಮಾತ್ರ ಉಳಿಯಬಾರದು, ಅರ್ಥವರಿತು ತಾವೇ ಹಾಡಬೇಕೆಂಬ ಶ್ರದ್ಧೆ ಇಬ್ಬರಲ್ಲಿಯೂ ಒಂದೇ.

ಇನ್ನು ದಾಸರ ಪದಗಳ ವಸ್ತುವನ್ನು ನೋಡೋಣ. ಹರಿನಾಮವನ್ನು ಕಲ್ಲುಸಕ್ಕರೆಯೆಂದು ಸಾರಿ, ಅದನ್ನು ಕೊಳ್ಳಿರೆಂದು ಬೀದಿಯಲ್ಲಿ ಕೂಗುವ ಅವರ ಪ್ರಸಿದ್ಧವಾದ ಪದವನ್ನು ನೀವೆಲ್ಲರೂ ಬಲ್ಲಿರಿ. ಅಲ್ಲಿ ಆ ಸರಕಿನ ಹೆಚ್ಚಳಿಕೆಯನ್ನು ಹೇಳುವ ಬಗೆಯನ್ನು ಗಮನಿಸಬೇಕು. ಅದನ್ನು ಎತ್ತಿನ ಮೇಲೆ ಹೇರಬೇಕಾಗಿಲ್ಲ, ಗೋಣಿಯಲ್ಲಿ ತುಂಬಬೇಕಾಗಿಲ್ಲ, ಅದಕ್ಕೆ ಬಾಡಿಗೆಯಿಲ್ಲ, ಸುಂಕವಿಲ್ಲ, ಇಟ್ಟರೆ ಕೆಡುವುದಿಲ್ಲ, ಲಾಭಕ್ಕೆ ಕೊರತೆಯಿಲ್ಲ. ಈ ಒಂದೊಂದು ಮಾತೂ ವರ್ತಕನ ಒಂದೊಂದು ಚಿಂತೆಯ ನಿವಾರಣೆಯಾಗಿದೆ. ಘಟ್ಟದ ಹಾದಿಯಲ್ಲಿ ಹೇರೆತ್ತು ಕಾಲು ಜಾರಿದರೆ ಸರಕು ಹೋಯಿತು. ಮಳೆಗಾಲದಲ್ಲಿ ಗೋಣಿ ನೆನೆದರೆ ಬೆಲೆ ಇಳಿಯಿತು. ಹೇರಿಗೆ ಇಷ್ಟೆಂದು ಗೊತ್ತುಮಾಡಿದ ಸುಂಕವನ್ನು ಠಾಣ್ಯ ಠಾಣ್ಯದಲ್ಲಿ ತೆರದೆ ಮುಂದೆ ಸಾಗುವಂತಿರಲಿಲ್ಲ. ಇಂತಹ ತೊಡಕುಗಳನ್ನೆಲ್ಲ ಅನುಭವಿಸಿ ಬಲ್ಲವರು ಮಾತ್ರ, ಅವು ಯಾವುವೂ ಇಲ್ಲದ ವ್ಯಾಪಾರವೊಂದಿದೆಯೆಂದು ಅಷ್ಟು ಉಲ್ಲಾಸದಿಂದ ಕೂಗಬಲ್ಲರು. ಬೀದಿಯಲ್ಲಿ ನಿಂತು ಕೇಳಿದ ಶೆಟ್ಟಿಗೂ, ಎತ್ತು ಹೊಡೆಯುವ ಆಳಿಗೂ ಆ ಪದವು ತನ್ನ ಕಸುಬಿನ ಭಾಷೆಯಲ್ಲಿಯೇ ಪರಮಾರ್ಥವನ್ನು ಹೇಳಿತು. ಅದನ್ನು ಅರಿಯುವುದಕ್ಕೆ ಮಧ್ಯೆ ಇನ್ನೊಬ್ಬ ವ್ಯಾಖ್ಯಾನಕಾರನು ಬೇಕಾಗಲಿಲ್ಲ.

ಹಣವನ್ನು ತೊರೆದವರಿಗೆ ಹಣದ ಮೇಲೆ ದ್ವೇಷ ಹುಟ್ಟುವುದುಂಟು. ದಾಸರಲ್ಲಿ ಆ ಕಹಿ ಕಾಣದು. ಶುಕ್ರವಾರದ ಪೂಜೆಯ ಹೊತ್ತಿನಲ್ಲಿ ನಮ್ಮ ತಾಯಂದಿರು ಹಾಡುವ, ಭಾಗ್ಯದ ಅಧಿದೇವತೆಯನ್ನು ಮನೆಗೆ ಕರೆಯುವ ಪದವನ್ನು ನೆನಪಿಗೆ ತಂದುಕೊಳ್ಳಿ. ಮಜ್ಜಿಗೆಯನ್ನು ಕಡೆದಾಗ ಬೆಣ್ಣೆ ಮೇಲೆದ್ದು ಬರುವ ಬಗೆಯಲ್ಲಿ ಆಕೆ ಬರಬೇಕೆಂದು ಅಲ್ಲಿ ಪ್ರಾರ್ಥನೆಯಿದೆ. ಕಡೆಯುವವಳ ರಟ್ಟೆಯ ಶ್ರಮದಿಂದ ಬೆಣ್ಣೆ ಬರುತ್ತದೆ. ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ಕೂರುವ ಲಕ್ಷ್ಮಿಯನ್ನು ತ್ಯಜಿಸಿದ ದಾಸರು, ದುಡಿಮೆಯ ಮನೆಗೆ ಗೆಜ್ಜೆಯ ಹೆಜ್ಜೆಯಿಡುತ್ತ ಬರುವ ಲಕ್ಷ್ಮಿಯನ್ನು ಆದರದಿಂದ ಸ್ವಾಗತಿಸಿದರು. ಮೂಗುತಿಯ ಕಥೆಯೂ ಇದನ್ನೇ ಹೇಳುತ್ತದೆ: ಕೂಡಿಟ್ಟವನ ಪೆಟ್ಟಿಗೆಯಲ್ಲಿ ನಿಲ್ಲದ ಒಡವೆಯು ಕೊಟ್ಟವಳ ಕೈಗೆ ಮರಳಿ ಬಂದಿತು.

ಮೂರನೆಯ ಭಾಗವು ಸಂಗೀತಕ್ಕೆ ಸಂಬಂಧಪಟ್ಟುದು. ಹಾಡುವ ಅಧಿಕಾರವನ್ನು ಭಾಷೆಯ ಮೂಲಕ ಕೊಟ್ಟರೂ, ಕಲಿಯುವ ಮಾರ್ಗವಿಲ್ಲದಿದ್ದರೆ ಆ ಅಧಿಕಾರವು ಬರಿಯ ಮಾತಾಗಿ ಉಳಿಯುತ್ತದೆ. ಕರ್ನಾಟಕ ಸಂಗೀತದ ಪಿತಾಮಹರೆಂದು ದಾಸರನ್ನು ಕರೆಯುವುದಕ್ಕೆ ಮುಖ್ಯವಾದ ಕಾರಣ, ಸಂಪ್ರದಾಯವು ಅವರದೆಂದು ಹೇಳುವ ಪಾಠಕ್ರಮ. ಸರಳೆ ವರಸೆ, ಜಂಟಿ ವರಸೆ, ಏಳು ತಾಳಗಳ ಅಲಂಕಾರ, ಆಮೇಲೆ ಮಲಹರಿ ರಾಗದ ಪಿಳ್ಳಾರಿ ಗೀತೆಗಳು: ದಕ್ಷಿಣ ಭಾರತದಲ್ಲಿ ಎಲ್ಲಿಯೇ ಆಗಲಿ, ಸಂಗೀತವನ್ನು ಕಲಿಯಲು ಕೂತ ಮಗುವು ಇಂದಿಗೂ ಏರುವ ಮೆಟ್ಟಿಲುಗಳು ಇವೇ. ಮೊದಲ ಪಾಠಕ್ಕೆ ಆರಿಸಿಕೊಂಡಿರುವ ಮಾಯಾಮಾಳವಗೌಳ ರಾಗದಲ್ಲಿ ಷಡ್ಜದಿಂದ ಮಧ್ಯಮದವರೆಗಿನ ನಾಲ್ಕು ಸ್ವರಗಳ ಅಂತರ ಹೇಗಿದೆಯೋ, ಪಂಚಮದಿಂದ ಮೇಲಿನ ಷಡ್ಜದವರೆಗಿನ ನಾಲ್ಕು ಸ್ವರಗಳ ಅಂತರವೂ ಹಾಗೆಯೇ ಇದೆ. ಕೆಳಗಿನ ಅರ್ಧವನ್ನು ಕಂಠಗತ ಮಾಡಿಕೊಂಡ ಮಗುವಿಗೆ ಮೇಲಿನ ಅರ್ಧವು ಪರಿಚಿತವಾಗಿಯೇ ತೋರುತ್ತದೆ. ಸ್ವರಸ್ಥಾನಗಳಲ್ಲಿ ಕೆಲವು ಒಂದಕ್ಕೊಂದು ಬಹಳ ಹತ್ತಿರವಾಗಿಯೂ ಕೆಲವು ಬಹಳ ದೂರವಾಗಿಯೂ ಇದ್ದು ಬೇರೆಬೇರೆಯಾಗಿ ಕೇಳಿಸುವುದರಿಂದ ಕಿವಿಯು ಅವನ್ನು ಬೆರೆಸಿಕೊಳ್ಳುವುದಿಲ್ಲ. ಗೀತೆಗಳ ಘಟ್ಟಕ್ಕೆ ಬಂದ ಮಗು ಮೊದಲಿಗೆ ಹಾಡುವ ಮಲಹರಿಯು ಅದೇ ರಾಗದಿಂದ ಜನ್ಯವಾದುದರಿಂದ, ಕಲಿತ ಸ್ವರಗಳೇ ಅಲ್ಲಿ ಸಾಹಿತ್ಯವನ್ನು ಹೊತ್ತು ಬರುತ್ತವೆ.

ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳನ್ನು ಸುಳಾದಿ ತಾಳಗಳೆಂದು ಕರೆಯುವುದು ವಾಡಿಕೆ. ಒಂದೊಂದು ಚರಣವನ್ನು ಒಂದೊಂದು ತಾಳದಲ್ಲಿ ಹಾಡುವ ಸುಳಾದಿಯೆಂಬ ದೀರ್ಘರಚನೆ, ತಾಳದ ಕಟ್ಟಿಲ್ಲದೆ ಭಾವಕ್ಕೆ ತಕ್ಕಂತೆ ಬೆಳೆಸಿ ಹಾಡಬಹುದಾದ ಉಗಾಭೋಗ, ಪಲ್ಲವಿ ಅನುಪಲ್ಲವಿ ಚರಣಗಳಿಂದ ಕೂಡಿದ ಪದ: ಹರಿದಾಸರು ಬಳಸಿದ ಈ ಮೂರು ಬಗೆಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಉಪಯೋಗವಿದೆ. ಸುಳಾದಿಯು ಶಾಸ್ತ್ರಾರ್ಥವನ್ನು ವಿಸ್ತರಿಸುತ್ತದೆ; ಉಗಾಭೋಗವು ಏಕಾಂತದ ನಿವೇದನೆ; ಪದವಾದರೋ ಸಭೆಯದು. ಒಬ್ಬರು ಚರಣವನ್ನು ಹಾಡಿದಾಗ ಉಳಿದವರೆಲ್ಲ ಪಲ್ಲವಿಯನ್ನು ಹಿಡಿಯುವುದರಿಂದ, ಓದು ಬಾರದವರೂ ಮೊದಲನೆಯ ಸಂಜೆಯೇ ಭಜನೆಯಲ್ಲಿ ಪಾಲುಗೊಳ್ಳಲು ಸಾಧ್ಯವಾಗುತ್ತದೆ. ತಮ್ಮ ಪ್ರಹ್ಲಾದಭಕ್ತಿವಿಜಯದ ಆರಂಭದಲ್ಲಿ ತ್ಯಾಗರಾಜರು ಪುರಂದರದಾಸರನ್ನು ಸ್ಮರಿಸಿ ವಂದಿಸಿರುವುದು, ಈ ಋಣವನ್ನು ಸಂಗೀತಲೋಕದ ಮಹಾತ್ಮರೇ ಒಪ್ಪಿಕೊಂಡುದಕ್ಕೆ ಸಾಕ್ಷಿ. ವಾಟ್ಸರು ಸಹ 1715ರಲ್ಲಿ ಮಕ್ಕಳಿಗೆಂದೇ ಹಾಡುಗಳ ಪುಸ್ತಕವೊಂದನ್ನು ಹೊರತಂದರೆಂಬುದನ್ನು ಇಲ್ಲಿ ನೆನೆಯಬಹುದು. ಹಾಡನ್ನು ಜನರಿಗೆ ಒಪ್ಪಿಸಬೇಕೆನ್ನುವವರ ದೃಷ್ಟಿಯು ಸಹಜವಾಗಿಯೇ ಮಕ್ಕಳ ಕಡೆಗೆ ಹೊರಳುತ್ತದೆ.

ಇದುವರೆಗೆ ಭಾಷೆಯನ್ನೂ ಸಂಗೀತವನ್ನೂ ಕುರಿತು ಹೇಳಿದೆನು. ಈಗ ನಡತೆಯ ವಿಚಾರಕ್ಕೆ ಬರೋಣ. ದಾಸರ ಪದಗಳಲ್ಲಿ ಸ್ತುತಿಯ ಪಕ್ಕದಲ್ಲಿಯೇ ಪರೀಕ್ಷೆಯಿದೆ. ದೇಹವನ್ನು ನೀರಿನಲ್ಲಿ ಅದ್ದಿ ಮನಸ್ಸನ್ನು ತೊಳೆಯದವನ ಸ್ನಾನವನ್ನು, ಹೊಟ್ಟೆಪಾಡಿಗಾಗಿ ತೊಟ್ಟ ವೈರಾಗ್ಯದ ವೇಷವನ್ನು, ಪರರ ನಿಂದೆಯಲ್ಲಿ ತೊಡಗಿದ ನಾಲಗೆಯ ಜಪವನ್ನು ಅವರು ಮುಚ್ಚುಮರೆಯಿಲ್ಲದೆ ಖಂಡಿಸುತ್ತಾರೆ. ಹೊರಗಿನವನೆಂದು ಸಮಾಜವು ದೂರವಿಟ್ಟ ಮನುಷ್ಯನಿಗಿಂತ, ಸಾಲವನ್ನು ತೀರಿಸದವನೂ ಉಪಕಾರವನ್ನು ಮರೆತವನೂ ಕೊಟ್ಟ ಮಾತಿಗೆ ತಪ್ಪಿದವನೂ ನಿಜವಾಗಿ ದೂರವಿಡಬೇಕಾದವರೆಂಬ ಭಾವದ ಪದವು ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಇಲ್ಲಿಯೂ ವರ್ತಕನ ತಕ್ಕಡಿಯೇ ಇದೆ. ಹುಟ್ಟನ್ನು ಪಕ್ಕಕ್ಕಿಟ್ಟು ನಡತೆಯನ್ನು ಅದು ತೂಗುತ್ತದೆ. ಇದೇ ಪೀಳಿಗೆಯ ಕನಕದಾಸರು ಕುಲದ ಪ್ರಶ್ನೆಯನ್ನು ಇನ್ನೂ ತೀಕ್ಷ್ಣವಾಗಿ ಎತ್ತಿದರು. ಎಲ್ಲ ಕಾಲದ ಕೃತಿಗಳಂತೆ ಹರಿದಾಸರ ಪದಗಳಲ್ಲಿಯೂ ಅವರ ಕಾಲದ ಸಮಾಜದ ಮಿತಿಗಳು, ವಿಶೇಷವಾಗಿ ಸ್ತ್ರೀಯರನ್ನು ಕುರಿತ ಕೆಲವು ಕಟುವಾದ ಮಾತುಗಳು ಇವೆ. ಅವುಗಳನ್ನು ಮುಚ್ಚಿಡದೆ ವಿಮರ್ಶಿಸುವ ಧೈರ್ಯವನ್ನು ನಮಗೆ ಕೊಡುವುದೂ ದಾಸರು ತಾವೇ ಕಲಿಸಿದ ಆ ತೂಗುವ ಬುದ್ಧಿಯೇ.

ಸಂಸಾರವನ್ನು ಹಳಿದು ಓಡಿಹೋಗಿರೆಂದು ಅವರು ಹೇಳಲಿಲ್ಲವೆಂಬುದೂ ಮುಖ್ಯ. ಮನುಷ್ಯಜನ್ಮವು ದೊಡ್ಡದೆಂದೂ, ಅದನ್ನು ಹಾಳುಮಾಡಿಕೊಳ್ಳಬಾರದೆಂದೂ, ನೀರಿನಲ್ಲಿದ್ದುಕೊಂಡೇ ಈಜಿ ಗೆಲ್ಲಬೇಕೆಂದೂ ಅವರು ಬೋಧಿಸಿದರು. ಅವರ ದಾಸ್ಯವು ಹೆಂಡತಿ ಮಕ್ಕಳೊಡನೆ ಬೀದಿಯಲ್ಲಿ ನಡೆದ ಬಾಳು. ಅದರಿಂದಲೇ ಅಡಕೆ ಸುಲಿಯುವವರ, ಗದ್ದೆ ನಾಟಿ ಮಾಡುವವರ, ಅಂಗಡಿ ನಡೆಸುವವರ ಮನೆಗಳಲ್ಲಿ ಆ ಪದಗಳಿಗೆ ಸ್ಥಳ ದೊರೆಯಿತು.

ಕೊನೆಯದಾಗಿ ಪದಗಳ ರಕ್ಷಣೆಯ ವಿಷಯ. ದಾಸರ ಕೃತಿಗಳ ಸಂಖ್ಯೆ 4,75,000 ಎಂದು ಸಂಪ್ರದಾಯ ಹೇಳಿದರೂ ಇಂದು ದೊರೆಯುವುವು ಸಾವಿರದ ಆಸುಪಾಸಿನಲ್ಲಿವೆ. ಅವನ್ನು ಮುದ್ರಣಕ್ಕೆ ತಂದ ಮೊದಲಿಗರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅವರೊಬ್ಬರು. ಅವರ ದಾಸರ ಪದಗಳ ಸಂಗ್ರಹವು 1850ರಲ್ಲಿ ಹೊರಬಂದಿತು. 1871ರಲ್ಲಿ ಚಾರ್ಲ್ಸ್ ಗೋವರ್ ಅವರು ದಕ್ಷಿಣ ಭಾರತದ ಜನಪದ ಗೀತಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ದಾಸರ ಪದಗಳನ್ನು ಇಂಗ್ಲಿಷಿಗೆ ತಿರುಗಿಸಿದರು. ಮೋಗ್ಲಿಂಗ್ ಅವರಂತಹ ಅನ್ಯಮತದ ಧರ್ಮಬೋಧಕರೊಬ್ಬರು ಈ ಪದಗಳ ಮುಂದೆ ಕುಳಿತು ಅಕ್ಷರವಕ್ಷರವನ್ನು ಸಂಗ್ರಹಿಸಿದರೆಂಬುದು ನಾವು ಕೃತಜ್ಞತೆಯಿಂದ ಸ್ಮರಿಸಬೇಕಾದ ಸಂಗತಿ. ಆಮೇಲೆ ಉಡುಪಿಯ ಪಾವಂಜೆ ಗುರುರಾಯರು, ಧಾರವಾಡದ ಕಡೆಯಲ್ಲಿ ಬೆಟಗೇರಿ ಕೃಷ್ಣಶರ್ಮರು ಮತ್ತು ಬೆಂಗೇರಿ ಹುಚ್ಚುರಾಯರು, ಬೆಂಗಳೂರಿನಲ್ಲಿ ಎಸ್. ಕೆ. ರಾಮಚಂದ್ರರಾಯರು ಮೊದಲಾದವರು ಸಾಹಿತ್ಯವನ್ನು ಸಂಗ್ರಹಿಸಿ ಶೋಧಿಸಿಕೊಟ್ಟಿದ್ದಾರೆ.

ಅಕ್ಷರಗಳು ಉಳಿದುವು, ಧಾಟಿಗಳ ಗತಿ ಅಷ್ಟು ಸುಖಕರವಾಗಿಲ್ಲ. ದಾಸರು ಯಾವ ಪದವನ್ನು ಹೇಗೆ ಹಾಡಿದರೆಂಬುದು ಬಹುಮಟ್ಟಿಗೆ ಮರೆತುಹೋಗಿ, ಒಂದೇ ಪದವು ಕಚೇರಿಯಲ್ಲಿ ಒಂದು ರಾಗದಲ್ಲಿಯೂ ಮನೆಯಲ್ಲಿ ಇನ್ನೊಂದು ರಾಗದಲ್ಲಿಯೂ ಕೇಳಿಬರುತ್ತಿದೆ. ಭೀಮಸೇನ ಜೋಶಿಯವರಂತಹ ಗಾಯಕರು ದಾಸವಾಣಿಯನ್ನು ನಾಡಿನ ಆಚೆಗೂ ಕೊಂಡೊಯ್ದುದು ಮಹದುಪಕಾರವೇ. ಅದರೊಡನೆ, ದೊಡ್ಡ ಗಾಯಕರ ಧ್ವನಿಮುದ್ರಣದ ಧಾಟಿಯೇ ಸರಿಯಾದುದು, ಅಜ್ಜಿಯ ಧಾಟಿ ತಪ್ಪು ಎಂಬ ಸಂಕೋಚವು ನಮ್ಮ ಮನೆಗಳಲ್ಲಿ ಹುಟ್ಟಿಕೊಂಡಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕೇರಿ ಕೇರಿಗೆ ಒಂದೊಂದು ಭಜನೆಯ ವರಸೆಯಿದೆ. ಹವ್ಯಕ ಹೆಂಗಸರ ಸಂಪ್ರದಾಯದ ಹಾಡುಗಳ ಧಾಟಿ ಬೇರೆ, ದೀಪಾವಳಿಯ ರಾತ್ರಿ ಮನೆಮನೆಗೆ ದೀಪವನ್ನೊಯ್ಯುವ ಅಂಟಿಗೆ ಪಂಟಿಗೆಯವರ ಧಾಟಿ ಬೇರೆ. ದಾಸರ ಪದಗಳು ಇಂತಹ ದೇಸಿ ಧಾಟಿಗಳ ಸಹವಾಸದಲ್ಲಿಯೇ ನಾಲ್ಕು ಶತಮಾನಗಳನ್ನು ಕಳೆದುವು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾಗಿ ಶರಾವತಿಯ ಕಣಿವೆಯ ಊರುಗಳು ಮುಳುಗಡೆಯಾದಾಗ, ಸಾಗರ ಹೊಸನಗರಗಳ ಎಷ್ಟೋ ಕುಟುಂಬಗಳು ಚದುರಿಹೋದವು. ಒಂದು ಊರು ಚದುರಿದರೆ ಅದರ ಭಜನೆಯ ವರಸೆಯೂ ಚದುರುತ್ತದೆ. ಅದೇ ವರ್ಷ ದೇಶವು ಪುರಂದರದಾಸರ ನಾಲ್ಕನೆಯ ಶತಮಾನೋತ್ಸವದ ಅಂಚೆಚೀಟಿಯನ್ನು ಹೊರಡಿಸಿತು. ಸ್ಮಾರಕವನ್ನು ಮಾಡುವ ಉತ್ಸಾಹದೊಡನೆ ಉಳಿಸುವ ಎಚ್ಚರವೂ ಕೂಡಿರಬೇಕೆಂಬುದನ್ನು ಈ ಎರಡು ಘಟನೆಗಳನ್ನು ಒಟ್ಟಿಗೆ ನೆನೆದಾಗ ನಾವು ಅರಿಯಬೇಕು.

ಆದುದರಿಂದ ಈ ಸಭೆಯ ಮುಂದೆ ಎರಡು ಬಿನ್ನಹಗಳನ್ನು ಇಡುತ್ತೇನೆ. ಕೆಳದಿಯ ವಸ್ತುಸಂಗ್ರಹಾಲಯವು ಮನೆಗಳ ಅಟ್ಟದ ಮೇಲೆ ಬಿದ್ದಿದ್ದ ಓಲೆಗರಿಗಳನ್ನು ತಂದು ಕಾಪಾಡಿದ ಹಾಗೆ, ಈ ಸೀಮೆಯ ವೃದ್ಧರ ಕಂಠದಲ್ಲಿರುವ ಧಾಟಿಗಳನ್ನು ಕಾಲೇಜಿನ ವಿದ್ಯಾರ್ಥಿಗಳು ಊರೂರಿಗೆ ಹೋಗಿ ಧ್ವನಿಮುದ್ರಿಸಿ, ಹಾಡಿದವರ ಊರು, ಹಾಡುವ ಸಂದರ್ಭ, ಪಾಠಾಂತರಗಳನ್ನು ಬರೆದಿಟ್ಟು, ಒಂದು ಭಂಡಾರವನ್ನು ಕಟ್ಟಬೇಕು; ಅದಕ್ಕೆ ಬೇಕಾದ ಉಪಕರಣ ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿಯೇ ಇದೆ. ಎರಡನೆಯದಾಗಿ, ಪ್ರತಿಯೊಂದು ಶಾಲೆಯಲ್ಲಿಯೂ ಮಕ್ಕಳು ವರ್ಷಕ್ಕೆ ಎರಡು ಮೂರು ಪದಗಳನ್ನಾದರೂ ಎಲ್ಲ ಚರಣಗಳೊಡನೆ, ಅರ್ಥವರಿತು, ತಮ್ಮ ಊರಿನ ಧಾಟಿಯಲ್ಲಿಯೇ ಕಲಿಯುವಂತಾಗಬೇಕು. ಆರಗದಲ್ಲಿ ಸ್ಮಾರಕವು ಏಳಲಿ, ಅದು ನಮಗೆಲ್ಲ ಸಂತೋಷದ ವಿಷಯ. ಆದರೆ ತಮ್ಮದೆಂಬುದೆಲ್ಲವನ್ನೂ ಪರರಿಗೆ ಒಪ್ಪಿಸಿ ಹೊರಟವರ ಜನ್ಮಭೂಮಿಯೆಂಬ ಹಕ್ಕನ್ನು ಸ್ಥಾಪಿಸುವುದಕ್ಕೆ ನಮ್ಮ ಮುಂದಿರುವ ದಾರಿ, ಅವರು ನಮಗೆ ಒಪ್ಪಿಸಿದುದನ್ನು ನಾವು ನಮ್ಮ ಮಕ್ಕಳಿಗೆ ಒಪ್ಪಿಸುವುದೇ ಆಗಿದೆ.